ಬಾದಾಮಿಯಲ್ಲಿ ತಿಂಡಿ ಕೇಳಿದ್ದು

ಹರಿಹರದ ಸೇತುವೆ

ಪರದೇಶಕ್ಕೆ ಹೋಗಲು ಹಡಗು ಹತ್ತಬೇಕಾಗಿಲ್ಲ. ಮೈಸೂರು ಸೀಮೆಯವರು ಹರಿಹರದಲ್ಲಿ ರೈಲಿನ ಕಿಟಕಿಯಿಂದ ತಲೆ ಹೊರಗೆ ಹಾಕಿದರೆ ಸಾಕು. ಕೆಳಗೆ ತುಂಗಭದ್ರೆ. ಈ ದಡ ಮಹಾರಾಜರದು, ಆ ದಡ ಮುಂಬಯಿ ಸರ್ಕಾರದ್ದು. ಸೇತುವೆಯ ಕಬ್ಬಿಣ ಗಡಗಡ ಎನ್ನುತ್ತಿದ್ದಾಗ ನನ್ನ ಎದೆಯೂ ಹಾಗೇ ಎನ್ನುತ್ತಿತ್ತು. ನಮ್ಮ ಬೀದಿಯಲ್ಲಿ ಕಾಶಿ ನೋಡಿದವರಿದ್ದರು, ರಾಮೇಶ್ವರ ನೋಡಿದವರಿದ್ದರು, ಬಾದಾಮಿ ನೋಡಿದವರು ಒಬ್ಬರೂ ಇರಲಿಲ್ಲ. "ಅಲ್ಲಿನೋರು ಆಡೋದೂ ಕನ್ನಡವೇ ಕಣೋ, ಭಯ ಯಾಕೆ?" ಎಂದು ಅಮ್ಮ ಧೈರ್ಯ ಹೇಳಿ ಕಳಿಸಿದ್ದಳು. ನನ್ನ ಹೆಗಲು ಕಳಚಿದ್ದು ಆ ಧೈರ್ಯದಿಂದಲೇ.

ನಾನು ಮೈಸೂರಿನ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಬೆಳಗಾದರೆ ಗರಡಿ, ಆಮೇಲೆ ಶಾಲೆ. ಎರಡು ಕಡೆಯೂ ನನಗಿದ್ದ ಆಸ್ತಿ ಬಲಗೈ. ಕಪ್ಪು ಹಲಗೆಯ ಮುಂದೆ ನಿಂತು, ತೋಳನ್ನು ಹೆಗಲಿನಿಂದ ಒಂದೇ ಸುತ್ತು ಸುತ್ತಿಸಿ, ಸೀಮೆಸುಣ್ಣ ಎತ್ತದೆ ದೊಡ್ಡದೊಂದು ವೃತ್ತ ಬರೆಯುತ್ತಿದ್ದೆ. ಹೊರಟಲ್ಲಿಗೇ ಬಂದು ಕೂಡುತ್ತಿತ್ತು. ಶಾಲೆ ತೆರೆದ ದಿನ ಅದನ್ನು ಬರೆದುಬಿಟ್ಟರೆ ವರ್ಷವಿಡೀ ಹುಡುಗರು ಬಾಯಿ ಬಿಡುತ್ತಿರಲಿಲ್ಲ. ಬೇರೆ ಮೇಷ್ಟ್ರುಗಳ ಹತ್ತಿರ ಬೆತ್ತವಿತ್ತು, ನನ್ನ ಹತ್ತಿರ ವೃತ್ತವಿತ್ತು. ಆ ಬೇಸಗೆಯ ರಜೆಯಲ್ಲಿ ಬಾದಾಮಿಯ ಗುಹೆಗಳ ಚಿತ್ರ ಬರೆದು ತರುತ್ತೇನೆಂದು ಹೊರಟೆ. ತಂದದ್ದು ಬೇರೆ.

ಬಾದಾಮಿ

ಬಾದಾಮಿಯ ಸ್ಟೇಷನ್ನು ಬಾದಾಮಿಯಲ್ಲಿಲ್ಲ. ಊರು ಇನ್ನೂ ದೂರ. ಟಾಂಗಾದವನು ಕುದುರೆಯ ಜೊತೆ ಒಂದು ಭಾಷೆ, ನನ್ನ ಜೊತೆ ಒಂದು ಭಾಷೆ ಆಡುತ್ತಿದ್ದ. ಕುದುರೆಗೆ ಆಡಿದ್ದೇ ನನಗೆ ಹೆಚ್ಚು ತಿಳಿಯುತ್ತಿತ್ತು. ಬೆಳಗಿನ ಬಿಸಿಲು ಬಂಡೆಗಳ ಮೇಲೆ ಬಿದ್ದು ಇಡೀ ಊರು ಕಾಯಿಸಿದ ಇಟ್ಟಿಗೆಯ ಹಾಗೆ ಕೆಂಪಾಗಿತ್ತು. ನನಗೆ ಹುಚ್ಚು ಹಿಡಿದಂತಾಯಿತು. ಎಲ್ಲಿ ನೋಡಿದರೂ ಚಿತ್ರ! ಆದರೆ ಹೊಟ್ಟೆ ಖಾಲಿ. ರಾತ್ರಿಯೆಲ್ಲ ರೈಲಿನಲ್ಲಿ ನೀರು ಬಿಟ್ಟರೆ ಏನೂ ಸಿಕ್ಕಿರಲಿಲ್ಲ.

ಒಂದು ಓಣಿಯಲ್ಲಿ ಎಣ್ಣೆಯ ವಾಸನೆ, ತೊಡೆ ತಟ್ಟುವ ಸದ್ದು. ಗರಡಿ! ಪರದೇಶದಲ್ಲಿ ಸ್ವಂತ ಮನೆ ಸಿಕ್ಕಿದ ಹಾಗಾಯಿತು. ಚಪ್ಪಲಿ ಬಿಟ್ಟು, ಹೊಸ್ತಿಲಿಗೆ ಕೈ ಮುಟ್ಟಿಸಿ ಒಳಗೆ ಹೋದೆ. ಕೆಮ್ಮಣ್ಣಿನ ಅಖಾಡದ ಸುತ್ತ ಹತ್ತಾರು ಪೈಲ್ವಾನರು. ಬಿಳಿ ಮೀಸೆಯ ಉಸ್ತಾದ ಗೋಡೆಗೊರಗಿ ಕೂತಿದ್ದ.

"ನಮಸ್ಕಾರ. ಮೈಸೂರಿನಿಂದ ಬಂದಿದ್ದೇನೆ. ನಾನೂ ಗರಡಿಯವನೇ. ಇಲ್ಲಿ ತಿಂಡಿ ಸಿಗುತ್ತದೆಯೇ?"

ತಟ್ಟುತ್ತಿದ್ದ ಕೈಗಳು ನಿಂತವು.

"ಏನಂದ್ರಿ?" ಎಂದ ಉಸ್ತಾದ.

"ತಿಂಡಿ. ತಿಂಡಿ."

"ಯಾರಿಗೆ ಐತ್ರಿ ತಿಂಡಿ?"

"ನನಗೇ. ರಾತ್ರಿಯಿಂದ ತಡೆಯಲಾಗುತ್ತಿಲ್ಲ."

ಉಸ್ತಾದ ಸುತ್ತಲಿನವರ ಮುಖ ನೋಡಿದ. ಯಾರೋ ಕಿಸಕ್ಕೆಂದರು. "ಮೈಸೂರಿಂದ ರೈಲ ಹತ್ತಿ ಬಂದೈತ್ರೋ ತಿಂಡಿ! ಎಷ್ಟು ಬೇಕ್ರಿ?" ಎಂದ ಉಸ್ತಾದ.

"ಹೊಟ್ಟೆ ತುಂಬ."

"ಹೊಟ್ಟಿ ತುಂಬ ಕೊಡ್ತೇವಿ. ಗದಿಗೆಪ್ಪಾ, ಇಳಿಯೋ. ಮೈಸೂರಿನವರ ತಿಂಡಿ ತೀರಸು."

ಗದಿಗೆಪ್ಪ ಎಂದರೆ ನನ್ನದೇ ವಯಸ್ಸಿನ, ಕತ್ತೇ ಇಲ್ಲದ ಒಬ್ಬ ಪೈಲ್ವಾನ. ಇಳಕಲ್ಲಿನ ನೇಕಾರ, ಅಕ್ಕನ ಮನೆಗೆಂದು ಬಾದಾಮಿಗೆ ಬಂದಿದ್ದ. ನನ್ನ ಕೈಗೊಂದು ಲಂಗೋಟಿ ಬಂತು. ಮೊದಲು ಕುಸ್ತಿ, ಆಮೇಲೆ ತಿಂಡಿ, ಇದು ಇವರ ಅತಿಥಿಸತ್ಕಾರದ ಕ್ರಮ ಎಂದುಕೊಂಡೆ. ಎಂಥ ಚೆಂದದ ಕ್ರಮ! ನಮ್ಮ ಕಡೆ ಅತಿಥಿಗೆ ಕಾಲಿಗೆ ನೀರು ಕೊಡುತ್ತಾರೆ, ಇಲ್ಲಿ ಅಖಾಡ ಕೊಡುತ್ತಾರೆ. ಖುಷಿಯಿಂದಲೇ ಇಳಿದೆ. ಮಣ್ಣು ಹಣೆಗಿಟ್ಟುಕೊಂಡು, ತೊಡೆ ತಟ್ಟಿ ಕೈ ಕೊಟ್ಟೆ.

ಮೊದಲಲ್ಲಿ ನಾನು ಅವನ ಬೆನ್ನಿಗೆ ಬಂದು ಸೊಂಟ ಹಿಡಿದಿದ್ದೆ, ಇನ್ನೇನು ಕೆಡವುತ್ತಿದ್ದೆ. ಗದಿಗೆಪ್ಪನನ್ನು ಕೇಳಿದರೆ ಅಂಥದ್ದೇನೂ ಆಗಲಿಲ್ಲ ಎನ್ನುತ್ತಾನೆ. ಇಬ್ಬರ ಮಾತನ್ನೂ ಬರೆದಿದ್ದೇನೆ, ಬೇಕಾದ್ದನ್ನು ನೀವು ಆರಿಸಿಕೊಳ್ಳಿ. ಮುಂದಿನದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಅವನು ನನ್ನ ಬಲಗೈಯನ್ನು ತನ್ನ ಹೆಗಲಿಗೆ ಹಾಕಿಕೊಂಡು, ಅಗಸ ಬಟ್ಟೆಯನ್ನು ಕಲ್ಲಿಗೆ ಒಗೆಯುವಂತೆ ಒಗೆದ. ಆಕಾಶದಲ್ಲಿ ಗರಡಿಯ ತೊಲೆಗಳನ್ನು ಎಣಿಸುವಷ್ಟು ಹೊತ್ತು ಇದ್ದೆ. ಬೀಳುವಾಗ ಕೈ ಊರಿದೆ. ಎಳೆಯ ಕಬ್ಬು ಮುರಿದ ಸದ್ದು. ನೋವು ಆಮೇಲೆ ಬಂತು. ಸದ್ದು ಇನ್ನೊಬ್ಬರದು ಎಂದೇ ಆ ಕ್ಷಣ ಅನಿಸಿದ್ದು.

ಎದ್ದು ಕೂತಾಗ ಬಲ ಹೆಗಲಿನ ಜಾಗದಲ್ಲಿ ಒಂದು ಮೆಟ್ಟಿಲಿತ್ತು. ಹೆಗಲಿನ ಗುಂಡು ಕಂಕುಳಿಗೆ ಇಳಿದಿತ್ತು.

"ಕೀಲು ತಪ್ಪೈತಿ. ಹಿಡೀರ್ಲೇ" ಎಂದ ಉಸ್ತಾದ. ನಾಲ್ವರು ನನ್ನನ್ನು ಮಲಗಿಸಿ ಹಿಡಿದರು. ಆತ ತನ್ನ ಹಿಮ್ಮಡಿಯನ್ನು ನನ್ನ ಕಂಕುಳಿಗೆ ಒತ್ತಿ, ಮಣಿಕಟ್ಟು ಹಿಡಿದು ಎಳೆದ. ಎಳೆಯುತ್ತಲೇ ಹೋದ. ನಾನು ಚಾಮುಂಡಿಯನ್ನು ಕರೆದೆನಂತೆ, ಆಕೆಯ ಮೇಲೆ ಬೈಗುಳವನ್ನೂ ಪ್ರಯೋಗಿಸಿದೆನಂತೆ. ನನಗೆ ನೆನಪಿಲ್ಲ, ಆದ್ದರಿಂದ ನಿಜವಿರಬೇಕು. ಒಳಗೆಲ್ಲೋ ಟೊಕ್ಕೆಂದಿತು. ಲೋಕ ಮತ್ತೆ ತನ್ನ ಜಾಗಕ್ಕೆ ಬಂದು ಕೂತಿತು.

ಯಾರದೋ ಧೋತರದಲ್ಲಿ ಕೈಯನ್ನು ಕತ್ತಿಗೆ ಜೋಲು ಕಟ್ಟಿದರು. ಬೆವರು ಒರೆಸಿದರು. ಆಗ ನಾನು, ಇಷ್ಟಾದ ಮೇಲಾದರೂ ಕೊಡಲಿ ಎಂದು, ಮೆಲ್ಲಗೆ ಅಂದೆ: "ಇನ್ನಾದರೂ ತಿಂಡಿ ಕೊಡಿ."

ಇಡೀ ಗರಡಿ ಒಂದು ಹೆಜ್ಜೆ ಹಿಂದೆ ಸರಿಯಿತು.

"ಯಪ್ಪಾ! ಇನ್ನೂ ಐತೇನ್ರಿ ನಿಮಗ ತಿಂಡಿ?" ಎಂದ ಗದಿಗೆಪ್ಪ. ಅವನ ಕಣ್ಣಲ್ಲಿ ನಿಜವಾದ ಭಯವಿತ್ತು.

ನಾನು ಎಡಗೈಯಿಂದ ಬಾಯಿ ತೋರಿಸಿದೆ. ಅಗಿದು ತೋರಿಸಿದೆ. ಉಸ್ತಾದ ನೋಡಿದ. ಹಣೆ ಬಡಿದುಕೊಂಡ.

"ನ್ಯಾರೀಲೇ! ಮುಂಜಾನಿ ನ್ಯಾರಿ ಕೇಳ್ಯಾನ್ರೋ ಈ ಮನಿಷ್ಯಾ! ರೊಟ್ಟಿ ತರ್ರೋ!"

ನಮ್ಮ ಕಡೆ ತಿಂಡಿ ಎಂದರೆ ಉಪ್ಪಿಟ್ಟು, ದೋಸೆ, ಇವರ ನ್ಯಾರಿ. ಅಲ್ಲಿ ತಿಂಡಿ ಎಂದರೆ ಮೈಯ ತುರಿಕೆ, ಜಗಳದ ಚಟ. 'ತಿಂಡಿ ಐತೇನು' ಎಂದರೆ 'ಹೊಡೆದಾಡಬೇಕೆ' ಎಂದರ್ಥ. ನಾನು ಒಂದು ಊರಿನ ಪೈಲ್ವಾನರ ನಡುವೆ ನಿಂತು, ರಾತ್ರಿಯಿಂದ ತಡೆಯಲಾಗುತ್ತಿಲ್ಲ, ಹೊಟ್ಟೆ ತುಂಬ ಕೊಡಿ ಎಂದಿದ್ದೆ. ಕೊಟ್ಟಿದ್ದರು.

ಅಷ್ಟೂ ಮಂದಿ ನಕ್ಕರು. ಗದಿಗೆಪ್ಪ ನಗಲಿಲ್ಲ. ನನ್ನ ಎದುರು ಕುಕ್ಕರಗಾಲಲ್ಲಿ ಕೂತು ರೊಟ್ಟಿ ಮುರಿದು ಕೊಡುತ್ತ, "ಹಸದು ಬಂದಾವರನ್ನ ಒಗದ್ನೆಲ್ಲರೀ" ಎಂದ. ನನ್ನ ಕಸುಬೇನೆಂದು ಕೇಳಿದ. ಹೇಳಿದೆ. ವೃತ್ತದ ವಿಷಯವನ್ನೂ ಹೇಳಿದೆ. ಅವನ ಕೈಯ ತುತ್ತು ಅಲ್ಲೇ ನಿಂತಿತು.

"ಕೈ ಏಳೂತನಕ ನೀವು ನಮ್ಮ ಮನ್ಯಾಗ ಇರ್ರಿ. ನಮ್ಮವ್ವ ಅದಾಳ. ದಾರ್‍ಯಾಗ ಹುನಗುಂದದಾಗ ಹುಸೇನಸಾಬ ಅದಾನ. ಎಲುಬಿನ ಕೂಡ ಮಾತಾಡ್ತಾನ ಆಂವ."

ಮರುದಿನ ಹಟ ಹಿಡಿದು ಗುಹೆ ಹತ್ತಿದೆ. ಮೊದಲ ಗುಹೆಯ ಹೊರಬಂಡೆಯಲ್ಲಿ ಶಿವ ಹದಿನೆಂಟು ಕೈಗಳಿಂದ ಕುಣಿಯುತ್ತಿದ್ದಾನೆ. ನಾನು ಒಂದು ಕೈ ಜೋತುಹಾಕಿಕೊಂಡು ಅವನೆದುರು ನಿಂತೆ. ಹೊಟ್ಟೆಕಿಚ್ಚಿನಿಂದ ಕಣ್ಣಲ್ಲಿ ನೀರು ಬಂತು. ಗದಿಗೆಪ್ಪ ಬೇರೆಯದೇ ಲೆಕ್ಕದಲ್ಲಿದ್ದ. "ಇಂಥಾವನ ಕೂಡ ಕುಸ್ತಿ ಹಿಡೀಬಾರದ್ರಿ. ಯಾವ ಕೈ ಅಂತ ತಪ್ಪಸೂದು?"

ಹುನಗುಂದ

ಎತ್ತಿನ ಗಾಡಿ ಮಲಪ್ರಭೆ ದಾಟಿ ಹೋಗುವಾಗ ದಾರಿಯ ಪ್ರತಿಯೊಂದು ಕಲ್ಲಿಗೂ ನನ್ನ ಹೆಗಲಿನ ಪರಿಚಯವಾಯಿತು. ಹಾಗಿದ್ದರೂ ಮನಸ್ಸು ಹಗುರ. ಕರಿಮಣ್ಣಿನ ಹೊಲಗಳು ನಮ್ಮೂರ ಕೆರೆಗಳಷ್ಟು ಸಪಾಟಾಗಿ ಮಲಗಿದ್ದವು. ಗಾಡಿ ನಿಂತಲ್ಲೆಲ್ಲ ಜನ ಸೇರುತ್ತಿದ್ದರು. ನಮ್ಮ ಕಡೆ ಕೈಗೆ ಕಟ್ಟು ಕಂಡರೆ 'ಏನಾಯಿತು' ಎಂದು ಕೇಳುತ್ತಾರೆ. ಇಲ್ಲಿ ಕೇಳುವುದು 'ಯಾರು ಮಾಡಿದ್ರು' ಎಂದು. ಪಕ್ಕದಲ್ಲಿದ್ದ ಗದಿಗೆಪ್ಪ ಪ್ರತಿ ಸಲ ತಲೆ ತಗ್ಗಿಸಿ "ನಾನಽ" ಎನ್ನುತ್ತಿದ್ದ. ಕೂಡಲೇ ಒಬ್ಬೊಬ್ಬರೂ ನನ್ನ ಹೆಗಲು ಹಿಸುಕಿ ನೋಡಿ ಒಂದೊಂದು ಔಷಧ ಹೇಳುತ್ತಿದ್ದರು. ಒಬ್ಬಾತ ಉಡದ ಎಣ್ಣೆ ಎಂದ. ಇನ್ನೊಬ್ಬ ಮದುವೆ ಎಂದ.

ಹುಸೇನಸಾಬನ ಅಂಗಳದಲ್ಲಿ ನನಗಿಂತ ಮುಂಚೆ ಕುಂಟುವ ಒಂದು ಎತ್ತು ಕಾಯುತ್ತಿತ್ತು. ಎತ್ತಿನ ಸರದಿ ಮುಗಿದ ಮೇಲೆ ಅದೇ ಎಣ್ಣೆ ಕೈಯಿಂದ ನನ್ನನ್ನು ಮುಟ್ಟಿದ. ಎತ್ತರದ ಆಳು, ಎತ್ತರದ ದನಿ. ತಾತನ ಕಾಲದಿಂದ ಹುನಗುಂದದ ಮೂಳೆಗಳೆಲ್ಲ ತಮ್ಮ ಮನೆತನದ ಮಾತು ಕೇಳುತ್ತವೆ ಎಂದು ಹೇಳಿ, ಕಣ್ಣು ಮುಚ್ಚಿ ಹೆಗಲಿನ ಮೇಲೆ ಬೆರಳಾಡಿಸಿದ.

"ಉಸ್ತಾದ ಚಲೋ ಕುಂದ್ರಿಸ್ಯಾನ. ಆರಾಮ ಆಗ್ತೈತಿ."

ನನಗೆ ಗಾಬರಿಯಾಯಿತು. ನಮ್ಮಲ್ಲಿ ಆರಾಮ ಎಂದರೆ ಕೆಲಸವಿಲ್ಲದೆ ಬಿದ್ದಿರುವುದು. "ಆರಾಮ ನನಗೆ ಬೇಡ" ಎಂದೆ ಬಿಗಿಯಾಗಿ. "ರಜೆ ಮುಗಿಯುವುದರೊಳಗೆ ಕೈ ಆಡಬೇಕು."

"ಆರಾಮ ಬ್ಯಾಡ?" ಹುಸೇನಸಾಬ ಕಣ್ಣು ಬಿಟ್ಟ. "ಆರಾಮ ಬ್ಯಾಡಾದ್ರ ನನ್ನ ಕಡೆ ಯಾಕ ಬಂದ್ರಿ? ಗದಿಗೆಪ್ಪಾ, ತಲಿಗೂ ಪೆಟ್ಟು ಬಿದ್ದೈತೇನೋ ಇವರಿಗೆ?"

"ಅವರ ಕನ್ನಡ ಹಂಗಽ ಐತಿ ಚಾಚಾ" ಎಂದ ಗದಿಗೆಪ್ಪ. "ತಿಂಡಿ ಅಂದ್ರ ನ್ಯಾರಿ. ಆರಾಮ ಅಂದ್ರ ಏನೋ, ನನಗೂ ತಿಳೀವಲ್ದು."

ಅಲ್ಲಿ ಆರಾಮ ಎಂದರೆ ಗುಣವಾಗುವುದು. ತಿಳಿದ ಮೇಲೆ ನಾನೇ ಹೆಗಲು ಮುಂದೆ ಮಾಡಿದೆ. ಹುಸೇನಸಾಬ ಕೈಯನ್ನು ಎದೆಗೆ ಒತ್ತಿ, ಮೂಟೆ ಬಿಗಿದಂತೆ ಬಟ್ಟೆ ಬಿಗಿದ. ಬೆರಳು ಮಾತ್ರ ಹೊರಗೆ. "ಅಮಾಸಿತನಕ ಬಿಚ್ಚಂಗಿಲ್ಲ. ನಡುವ ಬಿಚ್ಚಿದ್ರ ಮತ್ತ ತಪ್ತೈತಿ. ಎರಡನೇ ಸಲ ತಪ್ಪಿದ ಕೀಲು ರಂಡಿ ಇದ್ದಂಗ, ಕರದಾಗೆಲ್ಲಾ ಹೊರಗ ಬರ್ತೈತಿ." ಗೋಡೆಯಾಚೆಯಿಂದ ಅವನ ಹೆಂಡತಿ ಬೈದದ್ದು ಕೇಳಿಸಿತು. ಸಾಬ ದನಿ ಇಳಿಸಿ, "ಮಾತು ಕೆಟ್ಟದ್ದು, ಖರೆ ಐತಿ" ಎಂದ.

ಇಳಕಲ್

ಇಳಕಲ್ಲಿಗೆ ಕಿವಿ ಮೊದಲು ಮುಟ್ಟುತ್ತದೆ. ಬೀದಿಗೆ ಕಾಲಿಟ್ಟರೆ ಎರಡೂ ಕಡೆಯ ಮನೆಗಳಿಂದ ಖಟಕ್ ಖಟಕ್. ನೇಕಾರರು ಕುಣಿಯಲ್ಲಿ ಕಾಲು ಇಳಿಬಿಟ್ಟು ಮಗ್ಗದ ಮುಂದೆ ಕೂತಿರುತ್ತಾರೆ. ಹೊರಗಿನಿಂದ ನೋಡಿದರೆ ಊರೆಲ್ಲ ಸೊಂಟದವರೆಗೆ ನೆಲದಲ್ಲಿ ಹೂತುಹೋಗಿ ಹಾಡುತ್ತಿರುವಂತೆ ಕಾಣುತ್ತದೆ. ಬೀದಿಯ ಉದ್ದಕ್ಕೂ ಗೂಟಗಳ ಮೇಲೆ ಕೆಂಪು, ನೀಲಿ ಹಾಸುನೂಲು ಎಳೆದು ಕಟ್ಟಿರುತ್ತಾರೆ. ದಾರಿಹೋಕರು ಬಗ್ಗಿ ದಾಟಬೇಕು. ಮೊದಲ ದಿನ ನಾನು ಬಗ್ಗದೆ ದಾಟಲು ಹೋಗಿ ಒಂದು ಸೀರೆಯಷ್ಟು ಬೈಗುಳ ತಿಂದೆ.

ಗದಿಗೆಪ್ಪನ ತಾಯಿ ಸಂಗವ್ವ ಗಿಡ್ಡ ಹೆಂಗಸು. ಮಗನ ಮಾತು ಪೂರ್ತಿ ಕೇಳಿ, ಅವನ ಬೆನ್ನಿಗೊಂದು ಗುದ್ದಿ, ನನ್ನ ಕಡೆ ತಿರುಗಿ, "ಬಾ ತಮ್ಮಾ, ಊಟಾ ಮಾಡು. ಈ ಮನ್ಯಾಗ ಕೇಳಿದ್ದಽ ಕೊಡ್ತೇವಿ" ಎಂದಳು.

ಊಟಕ್ಕೇನೂ ಕೊರತೆಯಿರಲಿಲ್ಲ. ಕಟ್ಟಿನೊಳಗಿನ ಕೈಯದೇ ಚಿಂತೆ. ವಾರಗಳು ಕಳೆದ ಹಾಗೆ ಅದು ನನ್ನದಲ್ಲವೆನಿಸತೊಡಗಿತು. ಹೆಗಲಿನೊಳಗೆ ಯಾರೋ ಗಾರೆ ಸುರಿದಂತೆ. ರಜೆ ಕರಗುತ್ತಿತ್ತು. ಅಮಾವಾಸ್ಯೆಗೆ ಇನ್ನೂ ಕೆಲವು ದಿನ ಇದ್ದಾಗ ಸಂಗವ್ವ ನನ್ನ ಬೆರಳುಗಳನ್ನು ಹಿಡಿದು ನೋಡಿ, "ಬಿಚ್ಚು ಇದನ್ನ" ಎಂದಳು.

"ಯವ್ವಾ, ಹುಸೇನಸಾಬ ಹೇಳ್ಯಾನ..." ಎಂದ ಗದಿಗೆಪ್ಪ.

"ಹುಸೇನಸಾಬಂದೇನೋ ಆ ಕೈ? ಇಲ್ಲಿ ನೋಡು ತಮ್ಮಾ." ಅವಳು ಮಗ್ಗದ ಹತ್ತಿರ ಕರೆದಳು. ಇಳಕಲ್ ಸೀರೆಯ ಒಡಲಿನ ಹಾಸುನೂಲು ಬೇರೆ, ಸೆರಗಿನ ಹಾಸುನೂಲು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. "ಕೈ ಅಂದ್ರ ಸೆರಗು. ಕೊಂಡಿ ಬಿಚ್ಚಿತ್ತು, ಹಾಕ್ಯಾರ. ಆತು. ಇನ್ನ ನೇಯದ ಹಂಗಽ ಬಿಟ್ರ ಇಲಿ ಕಡೀತಾವ."

"ಮತ್ತ ತಪ್ಪಿದ್ರ?" ಗದಿಗೆಪ್ಪ ಕಟ್ಟಿನ ಮೇಲೆ ಕೈ ಅಡ್ಡ ಇಟ್ಟ. "ಬೋರ್ಡಿನ ಮ್ಯಾಲ ಬರಿಯೂ ಕೈ ಅದು."

"ಹಂಗಾದ್ರ ಕೈ ಇದ್ದಾವ್ರನ್ನಽ ಕೇಳು."

ಇಬ್ಬರೂ ನನ್ನ ಮುಖ ನೋಡಿದರು. ಒಂದು ಕಡೆ ಎಲುಬಿನ ಜೊತೆ ಮಾತಾಡುವವನು, ಇನ್ನೊಂದು ಕಡೆ ಇಲಿಯ ಭಯ ಹುಟ್ಟಿಸುವವಳು. ಯಾರ ಮಾತು ಸರಿ ಎಂದು ತೂಗುವ ತಕ್ಕಡಿ ನನ್ನಲ್ಲಿರಲಿಲ್ಲ. ಕೈಯಿಲ್ಲದ ಡ್ರಾಯಿಂಗ್ ಮೇಷ್ಟ್ರನ್ನು ನೆನೆದೆ, ಬೆತ್ತ ಕೊಂಡುಕೊಳ್ಳುವ ನನ್ನನ್ನು ನೆನೆದೆ. "ಬಿಚ್ಚಿ" ಎಂದೆ.

ಬಿಚ್ಚಿದರು. ಕೈ ತೊಯ್ದ ಪಂಚೆಯಂತೆ ಜೋತಿತು. ಎತ್ತು ಎಂದು ಅದಕ್ಕೆ ಹೇಳಿದೆ. ಅದು ಸೊಂಟದವರೆಗೆ ಬಂದು ನಿಂತು, ಮುಂದಿನ ದಾರಿ ಮರೆತವರ ಹಾಗೆ ನಡುಗಿತು. ಬಲಗೈಗೆ ಎಡಗೈಯ ಊರುಗೋಲು ಕೊಟ್ಟು ಒಲೆಯ ಇದ್ದಲಿನಿಂದ ಗೋಡೆಯ ಮೇಲೆ ವೃತ್ತ ಬರೆಯಲು ನೋಡಿದೆ. ಅರ್ಧಕ್ಕೇ ಕೈ ಬಿತ್ತು.

"ಇದೇನು, ಕುಡಗೋಲೇನು?" ಎಂದಳು ಸಂಗವ್ವ. ನನಗೆ ಅಳು ಬಂದಿತ್ತು, ಅಷ್ಟರಲ್ಲಿ ನಗು ನುಗ್ಗಿತು. ಯಾವುದು ಮೊದಲು ಹೊರಬಂತೋ ಕಾಣೆ.

ಮರುದಿನ ಬೆಳಗಾಗುವಾಗ ಅವಳು ನನ್ನ ಕೈಗೊಂದು ಉದ್ದನೆಯ ಕುಂಚ ಕೊಟ್ಟಳು. ಬೀದಿಯಲ್ಲಿ ಎಳೆದು ಕಟ್ಟಿದ ಹಾಸುನೂಲಿಗೆ ಗಂಜಿ ಹಚ್ಚಿ, ಒಣಗುವುದರೊಳಗೆ ಬಾಚುತ್ತ ಹೋಗಬೇಕು. ಆ ತುದಿಯಿಂದ ಈ ತುದಿ, ಈ ತುದಿಯಿಂದ ಆ ತುದಿ. ನಾನು ಈ ಕಡೆ, ಗದಿಗೆಪ್ಪ ಆ ಕಡೆ. ನಿಂತರೆ ನೂಲು ಅಂಟಿಕೊಳ್ಳುತ್ತದೆ. ಹೀಗಾಗಿ ನೋಯುತ್ತದೆ ಎಂದು ನಿಲ್ಲುವಂತಿಲ್ಲ. ಓಣಿಯ ಹೆಂಗಸರು ಬಾಗಿಲಲ್ಲಿ ಬಂದು ನಿಂತರು.

"ಮೈಸೂರ ಮಾಸ್ತರ, ನಮ್ಮ ಮನಿ ಹಾಸೂ ಐತ್ರಿ!"

"ಮಾಸ್ತರಗ ತಿಂಡಿ ಇನ್ನೂ ಇಳದಿಲ್ಲ, ಹುಷಾರಲೇ ಗದಿಗೆಪ್ಪಾ!"

ಕಥೆ ನನಗಿಂತ ಮೊದಲೇ ಇಳಕಲ್ಲಿಗೆ ಬಂದುಬಿಟ್ಟಿತ್ತು! ಸಾಯಂಕಾಲ ಹೆಗಲು ಬೆಂಕಿ. ಬೆಳಿಗ್ಗೆ ಮತ್ತೆ ಕುಂಚ. ಗೋಡೆಯ ಮೇಲಿನ ಕುಡುಗೋಲು ಬಾಳೆಕಾಯಾಯಿತು, ಬಾಳೆಕಾಯಿ ಬದನೆಕಾಯಾಯಿತು. ಬರೆದದ್ದನ್ನೆಲ್ಲ ಸಂಗವ್ವ ಸಗಣಿ ಸಾರಿಸಿ ಅಳಿಸುತ್ತಿದ್ದಳು. "ಕಾಯಿಪಲ್ಲೆ ಬ್ಯಾಡ. ದುಂಡಂದು ತಂದಾಗ ಇಡ್ತೇನಿ." ಒಂದು ದಿನ ಮೊಟ್ಟೆ ಬಂತು. ಮೊಟ್ಟೆಗೆ ಆಚೆ ಹೋಗಲಿಲ್ಲ. ಮೇಲಿನ ಬಾಗಿಗೆ ಬಂದಾಗಲೆಲ್ಲ ಕೈ ಹೆದರುತ್ತಿತ್ತು. ಆ ಎತ್ತರದಲ್ಲೇ ಗದಿಗೆಪ್ಪ ನನ್ನನ್ನು ಒಗೆದದ್ದು.

ರಜೆ ಮುಗಿಯುತ್ತ ಬಂತು. ಮೊಟ್ಟೆಯೊಂದಿಗೇ ಹೊರಟೆ.

ಬಾಗಲಕೋಟೆ

ಬಾಗಲಕೋಟೆಗೆ ರೈಲು ಹಿಡಿಯಲು ಮತ್ತೆ ಹುನಗುಂದದ ಮೇಲೆಯೇ ದಾರಿ. ಹುಸೇನಸಾಬ ಗಾಡಿ ನಿಲ್ಲಿಸಿ ಹೆಗಲು ಹಿಸುಕಿದ. "ನೋಡ್ರಿ! ಅಮಾಸಿತನಕ ಕಟ್ಟಿದ್ದಕ್ಕ ಆರಾಮ ಆತು." ನಾನು ಬಾಯಿ ತೆರೆದೆ. ಗದಿಗೆಪ್ಪ ನನ್ನ ಕಾಲು ತುಳಿದ. ಅತ್ತ ಇಳಕಲ್ಲಿನಲ್ಲಿ ಸಂಗವ್ವ, ತಾನು ಬಿಚ್ಚಿಸಿದ್ದಕ್ಕೇ ಗುಣವಾಯಿತೆಂದು ಓಣಿಗೆಲ್ಲ ಹೇಳುತ್ತಿರಬೇಕು. ಕಟ್ಟಿದ್ದರಿಂದಲೋ ಬಿಚ್ಚಿದ್ದರಿಂದಲೋ, ನನ್ನ ಹೆಗಲನ್ನು ಕೇಳಿದರೆ ಅದೂ ಹೇಳಲಾರದು.

ಬಾಗಲಕೋಟೆಯ ಸ್ಟೇಷನ್ನಿನಲ್ಲಿ ಅರಳೆಯ ಮೂಟೆಗಳ ಗುಡ್ಡ. ನನ್ನ ರೈಲಿಗೆ ಇನ್ನೂ ಹೊತ್ತಿತ್ತು. ಪಕ್ಕದ ಹಳಿಯ ಮೇಲೆ ಸಾಮಾನು ರೈಲಿನ ಡಬ್ಬಿಗಳು ನಿಂತಿದ್ದವು. ಗುಮಾಸ್ತನೊಬ್ಬ ಅವುಗಳ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕುತ್ತ ಹೋಗಿ, ತುಂಡೊಂದನ್ನು ಕೆಳಗೆ ಬೀಳಿಸಿದ. ಎತ್ತಿಕೊಂಡೆ. ಎದುರಿಗೆ ಕಪ್ಪು ಮಸಿ ಹಿಡಿದ ಡಬ್ಬಿ, ಆಳಿಗಿಂತ ಎತ್ತರ. ನಮ್ಮ ಶಾಲೆಯ ಹಲಗೆಗಿಂತ ಒಳ್ಳೆಯ ಹಲಗೆ!

"ಬ್ಯಾಡ್ರಿ ಮಾಸ್ತರ, ಹಿಡೀತಾರ" ಎಂದ ಗದಿಗೆಪ್ಪ.

ಬೆನ್ನು ನೆಟ್ಟಗೆ ಮಾಡಿದೆ. ಕೆಳಗಿನಿಂದ ಹೊರಟೆ. ಎಡಕ್ಕೆ ಏರಿದೆ. ಮೇಲಿನ ಬಾಗು ಬಂತು, ಕೈ ಹೆದರಿತು. ಅಷ್ಟರಲ್ಲಿ ಡಬ್ಬಿ ಧಡಕ್ಕೆಂದು ಅಲುಗಿತು. ಇಂಜಿನ್ನು ತಗುಲಿಕೊಂಡಿತ್ತು. ನಿಂತರೆ ನೂಲು ಅಂಟಿಕೊಳ್ಳುತ್ತದೆ! ಕೈ ನಿಲ್ಲಲಿಲ್ಲ. ಡಬ್ಬಿಯ ಜೊತೆ ಹೆಜ್ಜೆ ಹಾಕುತ್ತ ಮೇಲಿನ ಬಾಗು ದಾಟಿದೆ, ಬಲಕ್ಕೆ ಇಳಿದೆ, ಓಡಿದೆ, ಮುಗಿಸಿದೆ. ಮುಗಿಸಿದೆನೆಂದು ನನ್ನ ಭಾವನೆ. ವೃತ್ತ ಸೊಲ್ಲಾಪುರದ ದಾರಿ ಹಿಡಿದು ಹೊರಟೇಹೋಯಿತು.

"ದುಂಡಗ ಐತ್ರೀ!" ಗದಿಗೆಪ್ಪ ಕುಣಿದ.

"ಇಲ್ಲ, ಕೂಡುವ ಕಡೆ ಬೆರಳಷ್ಟು ತಪ್ಪಿತು."

"ತಪ್ಪಿಲ್ಲ! ನಾ ನೋಡೇನಿ."

"ಬರೆದವನು ನಾನು ಕಣಯ್ಯ."

"ನೋಡಿದಾಂವ ನಾ ಅಲ್ರಿ?"

ಜಗಳ ಮುಗಿಯುವುದರೊಳಗೆ ಗದಗಿನ ಕಡೆಯ ನನ್ನ ರೈಲು ಬಂತು. ಹತ್ತಿ ಬಾಗಿಲಲ್ಲಿ ನಿಂತೆ. ಗದಿಗೆಪ್ಪ ಬಟ್ಟೆಯ ಗಂಟೊಂದನ್ನು ನನ್ನ ಎಡಗೈಗೆ ಚಾಚಿದ. ರೊಟ್ಟಿ, ಶೇಂಗಾ ಚಟ್ನಿಯ ಘಮ. ಅವನು ಗಂಟಲು ಸರಿಮಾಡಿಕೊಂಡು, ಅರ್ಜಿ ಓದುವವನ ಹಾಗೆ, ಒಂದೊಂದೇ ಅಕ್ಷರ ಬಿಡಿಸಿ ಅಂದ: "ಮಾಸ್ತರೇ, ಇದು ನಿಮ್ಮ ತಿಂಡಿ. ದಾರಿಯಲ್ಲಿ ತಿನ್ನಿರಿ."

ರೈಲು ಹೊರಟಿತು. ಬಲಗೈ ಎತ್ತಿ, ಸ್ಟೇಷನ್ನಿಗೆಲ್ಲ ಕೇಳುವಂತೆ ಕೂಗಿದೆ: "ತಿಂಡಿ ಐತೇನಲೇ ಗದಿಗೆಪ್ಪಾ!"

ಅರಳೆ ಹೊರುತ್ತಿದ್ದವರೆಲ್ಲ ತಿರುಗಿ ನೋಡಿದರು. ಅವನು ನಿಂತಲ್ಲೇ ತೊಡೆ ತಟ್ಟಿ ಕೈ ಚಾಚಿದ.

ಆಗ ನನ್ನ ಕೈ ಎಷ್ಟು ಎತ್ತರಕ್ಕೆ ಹೋಯಿತೆಂದು ಕೇಳಬೇಡಿ. ನೆನೆದಾಗಲೆಲ್ಲ ಅದು ಇನ್ನೊಂದು ಗೇಣು ಮೇಲೇರುತ್ತದೆ. ಆದರೆ ಬಾಗಿಲಿನ ಮೇಲಿನ ಚೌಕಟ್ಟಿಗೆ ಬಡಿದು ಬಲಗೈಯ ಗೆಣ್ಣುಗಳು ತರಚಿಹೋದವು. ಆ ಚೌಕಟ್ಟು ನನ್ನ ತಲೆಗಿಂತ ಮೇಲಿತ್ತು. ಶಾಲೆ ತೆರೆದ ದಿನ ಹಲಗೆಯ ಮುಂದೆ ನಿಂತು ಸೀಮೆಸುಣ್ಣ ಹಿಡಿದಾಗ ಆ ಗಾಯ ಇನ್ನೂ ಉರಿಯುತ್ತಿತ್ತು.